ಕ್ಯಾನ್ಸರ್‌ಕಾರಕವೆಂಬ ಸರ್ಕಾರಿ ಮುದ್ರೆ



ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನ ಕೈಗೆ ಮೈಕು ಕೊಟ್ಟರೆ ಅವನ ಕಣ್ಣು ಮೊದಲು ಕರಿಹಲಗೆಯನ್ನು ಹುಡುಕುತ್ತದೆ. ಇಲ್ಲಿ ಅದು ಇಲ್ಲದಿರುವುದು ನಿಮ್ಮ ಪುಣ್ಯ. ಅಡಿಕೆ ಸೀಮೆಯ ನಡುವೆ ನಿಂತು ಕ್ಯಾನ್ಸರ್‌ಕಾರಕಗಳ ಬಗ್ಗೆ ಮಾತಾಡಲು ಒಪ್ಪಿಕೊಂಡಿರಲ್ಲ, ಬುದ್ಧಿ ನೆಟ್ಟಗಿದೆಯೇ ಎಂದು ನನ್ನ ಹೆಂಡತಿ ಬಸ್‌ಸ್ಟ್ಯಾಂಡಿನಲ್ಲೇ ಕೇಳಿದಳು. ಅಡಿಕೆಯ ಮಾತು ಕೊನೆಗಿರಲಿ. ಮೊದಲು ಗೋಬಿ ಮಂಚೂರಿ.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಾಂಬೆ ಮಿಠಾಯಿಗೆ ರೊಡಮೈನ್-ಬಿ ಹಾಕುವುದನ್ನೂ ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಸುರಕ್ಷಿತವಲ್ಲ ಎಂದು ಬಂತು. ಮರುದಿನದಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: ರೊಡಮೈನ್-ಬಿ ಕ್ಯಾನ್ಸರ್ ತರುತ್ತದೆ. ಅದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ತಿನ್ನುವ ಪದಾರ್ಥದಲ್ಲಿ ಅದಕ್ಕೆ ಕೆಲಸವಿಲ್ಲ. ನಿಷೇಧ ಸರಿಯೇ. ಆದರೆ ಜಗತ್ತಿನ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ರೊಡಮೈನ್-ಬಿ ಎಲ್ಲಿದೆ ಗೊತ್ತೇ? ಮೂರನೇ ಗುಂಪಿನಲ್ಲಿ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಯೇ ಎಂಬುದನ್ನು ಇರುವ ಪುರಾವೆಯಿಂದ ವರ್ಗೀಕರಿಸಲಾಗದು ಎನ್ನುವ ಗುಂಪು ಅದು. ನಮ್ಮ ಆಹಾರ ಕಾನೂನಿಗೆ ಇದರಿಂದ ತೊಡಕೇನೂ ಇಲ್ಲ. ಅದು ಕ್ಯಾನ್ಸರ್‌ನ ಮಾತೇ ಎತ್ತುವುದಿಲ್ಲ. ತಿನ್ನಲು ಯೋಗ್ಯವಾದ ಎಂಟು ಕೃತಕ ಬಣ್ಣಗಳನ್ನು ಹೆಸರಿಸಿ, ಅವನ್ನು ಯಾವ ತಿಂಡಿಗೆ ಎಷ್ಟು ಹಾಕಬಹುದು ಎಂದು ಬರೆದಿಟ್ಟಿದೆ. ಅದರಲ್ಲಿಲ್ಲದ್ದು ಹೊರಗೆ, ಅಷ್ಟೇ.

ಈಗ ಇನ್ನೊಂದು ಬಣ್ಣ ನೋಡಿ. ಆ ಎಂಟರಲ್ಲಿ ಎರಿಥ್ರೋಸಿನ್ ಒಂದು. ಕೇಕಿನ ಮೇಲೆ ಕೂತ ಚೆರ್ರಿಯ ಕೆಂಪು. ಇದೇ ಬಣ್ಣಕ್ಕೆ ಕೊಟ್ಟಿದ್ದ ಅನುಮತಿಯನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಜನವರಿಯಲ್ಲಿ ಹಿಂದಕ್ಕೆ ಪಡೆಯಿತು. ಕಾರಣ, ಹೆಚ್ಚು ಪ್ರಮಾಣದಲ್ಲಿ ತಿಂದ ಗಂಡು ಇಲಿಗಳಿಗೆ ಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆಯಾಗಿತ್ತು. ಸ್ವಾರಸ್ಯ ಇರುವುದು ಮುಂದೆ. ಇಲಿಯಲ್ಲಿ ಆ ಗಡ್ಡೆ ಬೆಳೆಯುವ ಬಗೆ ಮನುಷ್ಯರಲ್ಲಿ ನಡೆಯುವುದಿಲ್ಲ ಎಂದು ಅದೇ ಆಡಳಿತ ಅದೇ ಪ್ರಕಟಣೆಯಲ್ಲಿ ಹೇಳಿತು! ಹಾಗಿದ್ದರೆ ತೆಗೆದದ್ದೇಕೆ? 1960ರ ಒಂದು ಕಾನೂನು ತೆಗೆಯಲೇಬೇಕು ಎನ್ನುತ್ತದೆ, ಅದಕ್ಕೆ.

ಅಂದರೆ, ಒಂದು ಬಣ್ಣದ ಮೇಲೆ ಕ್ಯಾನ್ಸರ್‌ನ ಮುದ್ರೆ ಇಲ್ಲ, ನಮ್ಮಲ್ಲಿ ನಿಷಿದ್ಧ. ಇನ್ನೊಂದರ ಮೇಲೆ ಅಮೆರಿಕದಲ್ಲಿ ಮುದ್ರೆ ಬಿದ್ದಿದೆ, ನಮ್ಮಲ್ಲಿ ಅನುಮತಿ ಇದೆ. ಇದನ್ನು ಕೇಳಿದರೆ ವಿಜ್ಞಾನಿಗಳ ಮೇಲಿನ ನಂಬಿಕೆಯೇ ಹೋಗಬಹುದು. ನಂಬಿಕೆ ಕಳೆದುಕೊಳ್ಳುವ ಮೊದಲು ಈ ಮುದ್ರೆಯನ್ನು ಒತ್ತುವವರು ಯಾರು, ಅದರಲ್ಲಿ ಏನು ಬರೆದಿದೆ ಎಂದು ನೋಡೋಣ.

ಎರಡು ಪ್ರಶ್ನೆಗಳಿವೆ. ಈ ವಸ್ತುವಿಗೆ ಕ್ಯಾನ್ಸರ್ ತರುವ ಶಕ್ತಿ ಇದೆಯೇ? ಇದು ಮೊದಲನೆಯದು. ಜನರು ತಿನ್ನುವ, ಉಸಿರಾಡುವ, ಮುಟ್ಟುವ ಪ್ರಮಾಣದಲ್ಲಿ ಅದು ಎಷ್ಟು ಜನರಿಗೆ ಕ್ಯಾನ್ಸರ್ ತಂದೀತು? ಇದು ಎರಡನೆಯದು. ಮೊದಲನೆಯದನ್ನು ಹಾನಿಶಕ್ತಿ ಎಂದೂ ಎರಡನೆಯದನ್ನು ಹಾನಿಸಂಭವ ಎಂದೂ ಕರೆಯುತ್ತೇನೆ. ನ್ಯಾಯಾಲಯದ ಭಾಷೆ ನಿಮಗೆ ಇದಕ್ಕಿಂತ ಹತ್ತಿರ. ಕಳ್ಳತನ ರುಜುವಾತಾಯಿತೇ ಎಂಬುದು ಒಂದು, ಕದ್ದದ್ದೆಷ್ಟು ಎಂಬುದು ಇನ್ನೊಂದು. ತೋಟದಲ್ಲಿ ಅಡಿಕೆ ಗೊನೆ ಇಳಿಸಿಕೊಂಡು ಹೋದವನೂ ಬ್ಯಾಂಕಿನ ತಿಜೋರಿ ಒಡೆದವನೂ ರುಜುವಾತಿನ ಮಟ್ಟಿಗೆ ಒಂದೇ ಸಾಲಿನಲ್ಲಿ ನಿಲ್ಲಬಹುದು.

ಮೊದಲನೆಯ ಪ್ರಶ್ನೆಗೆ ಸಾಕ್ಷಿಗಳು ಮೂರು ಬಗೆಯವರು. ಮನುಷ್ಯರು ಮೊದಲನೆಯವರು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವ ಹುಡುಗರು ದೊಡ್ಡವರಾದ ಮೇಲೆ ಅವರ ವೃಷಣದ ಚರ್ಮಕ್ಕೆ ಬರುವ ಕ್ಯಾನ್ಸರಿಗೆ ಹೊಗೆಯ ಮಸಿಯೇ ಕಾರಣ ಎಂದ. ಪ್ರಾಣಿಗಳು ಎರಡನೆಯವರು. 1915ರ ಹೊತ್ತಿಗೆ ಜಪಾನಿನ ಯಮಾಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಡಾಂಬರು ಹಚ್ಚಿ ಹಚ್ಚಿ ಕ್ಯಾನ್ಸರ್ ತರಿಸಿದರು. ಆ ತಾಳ್ಮೆಯನ್ನು ನೆನೆದಾಗೆಲ್ಲ ಅರ್ಧ ಗಂಟೆಯ ಪ್ರಯೋಗಕ್ಕೆ ಗೊಣಗುತ್ತಿದ್ದ ನನ್ನ ವಿದ್ಯಾರ್ಥಿಗಳು ಕಣ್ಣಮುಂದೆ ಬರುತ್ತಾರೆ. ವಸ್ತು ಜೀವಕೋಶದೊಳಗೆ ಹೋಗಿ ಡಿಎನ್‌ಎಯನ್ನು ಕೆಡಿಸುತ್ತದೆಯೇ ಎಂಬ ಯಾಂತ್ರಿಕ ಪುರಾವೆ ಮೂರನೆಯದು.

ಈ ಸಾಕ್ಷಿಗಳು ಹೇಗೆ ಒಂದಾಗುತ್ತಾರೆ, ಹೇಗೆ ತಡವಾಗಿ ಬರುತ್ತಾರೆ ಎನ್ನುವುದಕ್ಕೆ ನಿಮ್ಮ ತೋಟದಲ್ಲೇ ಉದಾಹರಣೆ ಇದೆ. ನೀರು ಹಾಯಿಸುವ ಪಿವಿಸಿ ಪೈಪು. ಗಾಬರಿಯಾಗಬೇಡಿ, ದೋಷ ಪೈಪಿನದಲ್ಲ. ಅದನ್ನು ಮಾಡುವ ಕಚ್ಚಾವಸ್ತು ವಿನೈಲ್ ಕ್ಲೋರೈಡ್ ಎಂಬ ಅನಿಲದ್ದು. 1970ರ ದಶಕದ ಆರಂಭದಲ್ಲಿ ಇಟಲಿಯ ಚೆಸಾರೆ ಮಾಲ್ಟೋನಿ ಈ ಅನಿಲವನ್ನು ಉಸಿರಾಡಿದ ಇಲಿಗಳ ಯಕೃತ್ತಿನಲ್ಲಿ ಆಂಜಿಯೋಸಾರ್ಕೋಮಾ ಎಂಬ ಕ್ಯಾನ್ಸರನ್ನು ಕಂಡ. ಅಮೆರಿಕದ ಕಾರ್ಖಾನೆಗಳಲ್ಲಿ ಆಗ ಅನುಮತಿ ಇದ್ದ ಮಿತಿ ಹತ್ತು ಲಕ್ಷಕ್ಕೆ 500 ಭಾಗ; ಇಲಿಗಳಿಗೆ ಅದರ ಅರ್ಧದಲ್ಲೇ ಗಡ್ಡೆಯಾಗಿತ್ತು. ಪ್ರಯೋಗಕ್ಕೆ ಹಣ ಹಾಕಿದ್ದು ಉದ್ಯಮ, ಫಲಿತಾಂಶವನ್ನು ಗುಟ್ಟಾಗಿಟ್ಟದ್ದೂ ಉದ್ಯಮವೇ. 1974ರ ಜನವರಿಯಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿದ್ದ ಬಿ.ಎಫ್. ಗುಡ್‌ರಿಚ್ ಕಾರ್ಖಾನೆಯ ಮೂವರು ಕಾರ್ಮಿಕರು ಅದೇ ಕ್ಯಾನ್ಸರಿನಿಂದ ಸತ್ತಿದ್ದಾರೆ ಎಂಬ ಸುದ್ದಿ ಹೊರಬಿತ್ತು. ಆ ವರ್ಷ ಮುಗಿಯುವುದರೊಳಗೆ ಅಮೆರಿಕ ಮಿತಿಯನ್ನು 500ರಿಂದ 1ಕ್ಕೆ ಇಳಿಸುವ ಆದೇಶ ಹೊರಡಿಸಿತು. ಬಾಗಿಲು ಹಾಕಬೇಕಾಗುತ್ತದೆ ಎಂದು ಉದ್ಯಮ ಕೂಗಾಡಿತು. ಹಾಕಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ಕ್ಯಾನ್ಸರ್ ಇಡೀ ಅಮೆರಿಕದಲ್ಲಿ ವರ್ಷಕ್ಕೆ ಕೆಲವೇ ಹತ್ತಾರು ಜನರಿಗೆ ಬರುವಷ್ಟು ಅಪರೂಪದ್ದು. ಒಂದೇ ಕಾರ್ಖಾನೆಯಲ್ಲಿ ಮೂವರು ಎಂದಾಗ ಕಂಪನಿಯ ವೈದ್ಯನಿಗೂ ಅನುಮಾನ ಬಾರದಿರಲಿಲ್ಲ. ಅದೇ ಅನಿಲ ಎಲ್ಲೆಡೆ ಕಾಣುವ ಶ್ವಾಸಕೋಶದ ಕ್ಯಾನ್ಸರನ್ನು ತಂದಿದ್ದರೆ ಆ ಮೂವರು ನೂರಾರು ಬೀಡಿ ಸಿಗರೇಟಿನವರ ನಡುವೆ ಕಳೆದುಹೋಗುತ್ತಿದ್ದರು. ಗುಂಪಿನಲ್ಲಿ ಬೆರೆತವನನ್ನು ಹಿಡಿಯುವುದು ಕಷ್ಟ. ಇದನ್ನು ನೆನಪಿಟ್ಟುಕೊಳ್ಳಿ, ಅಡಿಕೆಯ ಮಾತು ಬಂದಾಗ ಬೇಕಾಗುತ್ತದೆ.

ಸಾಕ್ಷಿಗಳನ್ನು ಒಟ್ಟಿಗೆ ವಿಚಾರಣೆ ಮಾಡುವ ಕೊಠಡಿ ಇರುವುದು ಫ್ರಾನ್ಸಿನ ಲಿಯಾನ್ ನಗರದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1965ರಲ್ಲಿ ಹುಟ್ಟಿತು. ದೊಡ್ಡ ದೇಶಗಳು ಸೇನೆಯ ಖರ್ಚಿನಲ್ಲಿ ಶೇಕಡಾ ಅರ್ಧವನ್ನು ಕ್ಯಾನ್ಸರ್ ಸಂಶೋಧನೆಗೆ ಕೊಡಲಿ ಎಂದು ಕೆಲವು ಫ್ರೆಂಚ್ ಮಹನೀಯರು ಅಧ್ಯಕ್ಷ ದ ಗಾಲ್‌ಗೆ ಪತ್ರ ಬರೆದದ್ದು ಅದರ ಮೂಲ. ಅಷ್ಟು ದುಡ್ಡು ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. 1970ರ ದಶಕದ ಆರಂಭದಿಂದ ಅದು ಒಂದೊಂದೇ ವಸ್ತುವಿನ ಮೇಲೆ ತೀರ್ಪು ಕೊಡುತ್ತಾ ಬಂದಿದೆ. ಬೇರೆ ಬೇರೆ ದೇಶಗಳ ಇಪ್ಪತ್ತು ಚಿಲ್ಲರೆ ವಿಜ್ಞಾನಿಗಳು ಸುಮಾರು ಎಂಟು ದಿನ ಒಂದೆಡೆ ಕೂರುತ್ತಾರೆ. ಬಹಿರಂಗವಾಗಿ ಸಿಗುವ ಅಧ್ಯಯನಗಳನ್ನಷ್ಟೇ ಓದುತ್ತಾರೆ. ಉದ್ಯಮದ ಪ್ರತಿನಿಧಿ ಬಂದು ಕೂರಬಹುದು, ಮತ ಹಾಕುವಂತಿಲ್ಲ. ಸಂಸ್ಥೆಯ ಸಿಬ್ಬಂದಿಗೂ ಮತವಿಲ್ಲ. ಒಂದೊಂದು ಬಗೆಯ ಪುರಾವೆಯನ್ನೂ ಸಾಕಷ್ಟಿದೆ, ಸೀಮಿತ, ಸಾಲದು ಎಂದು ಅಳೆದು, ಕೊನೆಗೆ ಗುಂಪು ಹೇಳುತ್ತಾರೆ. ಒಂದನೇ ಗುಂಪು: ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ. 2ಎ: ಬಹುತೇಕ ತರುತ್ತದೆ. 2ಬಿ: ತರಬಹುದು. ಮೂರು: ಹೇಳಲಾಗದು. ನಾಲ್ಕನೆಯ ಗುಂಪೂ ಇತ್ತು, ಬಹುಶಃ ತರುವುದಿಲ್ಲ ಎಂಬುದು. ಸಾವಿರದಷ್ಟು ವಸ್ತುಗಳಲ್ಲಿ ಅಲ್ಲಿ ಕೂತದ್ದು ನೈಲಾನ್ ದಾರಕ್ಕೆ ಬೇಕಾದ ಕ್ಯಾಪ್ರೊಲ್ಯಾಕ್ಟಮ್ ಒಂದೇ. 2019ರಲ್ಲಿ ಆ ಗುಂಪನ್ನೇ ತೆಗೆದರು. ನಿರಪರಾಧಿ ಎಂಬ ತೀರ್ಪು ಆ ಕೊಠಡಿಯಿಂದ ಹೊರಬರುವುದೇ ಇಲ್ಲ ಎನ್ನಬಹುದು.

ಈ ಗುಂಪುಗಳು ಹೇಳುವುದು ಪುರಾವೆಯ ಗಟ್ಟಿತನವನ್ನು, ವಿಷದ ತೀಕ್ಷ್ಣತೆಯನ್ನಲ್ಲ. 2015ರಲ್ಲಿ ಸಂಸ್ಕರಿಸಿದ ಮಾಂಸ ಒಂದನೇ ಗುಂಪಿಗೆ ಸೇರಿದಾಗ ಸಾಸೇಜೂ ಸಿಗರೇಟೂ ಸಮ ಎಂದು ಜಗತ್ತೆಲ್ಲ ಕೂಗಾಡಿತು. ಲಿಯಾನ್‌ನವರೇ ಉಲ್ಲೇಖಿಸಿದ ಅಂದಾಜು ನೋಡಿ: ಸಂಸ್ಕರಿಸಿದ ಮಾಂಸ ಹೆಚ್ಚಿರುವ ಆಹಾರದಿಂದ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವು, ತಂಬಾಕಿನಿಂದ ಸುಮಾರು 10 ಲಕ್ಷ. ಗೊನೆ ಕದ್ದವನು, ತಿಜೋರಿ ಒಡೆದವನು. 2ಬಿ ಗುಂಪಿನಲ್ಲಿ ಏಷ್ಯಾದ ಸಾಂಪ್ರದಾಯಿಕ ಉಪ್ಪಿನ ತರಕಾರಿ ಎಂಬ ಬಾಬತ್ತಿದೆ. ಅದನ್ನು ಕನ್ನಡದಲ್ಲಿ ಉಪ್ಪಿನಕಾಯಿ ಎಂದುಬಿಟ್ಟರೆ ನಮ್ಮ ಅಪ್ಪೆಮಿಡಿಗೆ ಅನ್ಯಾಯವಾದೀತು. ಅವರು ನೋಡಿದ್ದು ಚೀನಾ, ಜಪಾನ್, ಕೊರಿಯಾಗಳಲ್ಲಿ ಹುಳಿಬರಿಸಿದ ತರಕಾರಿಗಳನ್ನು.

ಎರಡನೆಯ ಪ್ರಶ್ನೆ ಸರ್ಕಾರಗಳದ್ದು. ಅಮೆರಿಕ ಆರಂಭದಲ್ಲಿ ಆ ಪ್ರಶ್ನೆಯನ್ನೇ ಕೇಳಬಾರದು ಎಂದು ಶಾಸನ ಮಾಡಿತು. ನ್ಯೂಯಾರ್ಕಿನ ಸಂಸದ ಜೇಮ್ಸ್ ಡಿಲೇನಿಯ ಹೆಸರಿನ 1958ರ ವಿಧಿ ಹೇಳುವುದಿಷ್ಟು: ಮನುಷ್ಯರಲ್ಲಾಗಲಿ ಪ್ರಾಣಿಗಳಲ್ಲಾಗಲಿ ಕ್ಯಾನ್ಸರ್ ತರುವ ಯಾವ ವಸ್ತುವನ್ನೂ ಆಹಾರಕ್ಕೆ ಸೇರಿಸುವಂತಿಲ್ಲ. ಎಷ್ಟು ಎಂಬ ಮಾತೇ ಇಲ್ಲ. ಮರುವರ್ಷವೇ, ಹಬ್ಬದ ಊಟಕ್ಕೆ ಕೆಲವು ವಾರ ಇರುವಾಗ, ಕ್ರ್ಯಾನ್‌ಬೆರಿ ಹಣ್ಣಿನಲ್ಲಿ ಅಮೈನೊಟ್ರಯಜೋಲ್ ಎಂಬ ಕಳೆನಾಶಕ ಸಿಕ್ಕಿತೆಂದು ಸಚಿವ ಆರ್ಥರ್ ಫ್ಲೆಮಿಂಗ್ ಎಚ್ಚರಿಸಿದ. ದೇಶವೆಲ್ಲ ಹಣ್ಣು ಬಿಟ್ಟಿತು. ಬೆಳೆಗಾರರ ಸಿಟ್ಟು ತಣಿಸಲು ನಿಕ್ಸನ್ ಜನರೆದುರು ಹಣ್ಣು ತಿಂದ, ಕೆನಡಿ ರಸ ಕುಡಿದ. ಚುನಾವಣೆ ಹತ್ತಿರವಿತ್ತು.

ಸೊನ್ನೆ ಎಂಬುದು ಕಾನೂನಿನಲ್ಲಿ ಸುಲಭ, ಪ್ರಯೋಗಾಲಯದಲ್ಲಿ ಅಲ್ಲ. ಡಿಲೇನಿಯ ಕಾಲದ ಉಪಕರಣ ಹತ್ತು ಲಕ್ಷದಲ್ಲೊಂದು ಭಾಗ ಕಂಡರೆ ದೊಡ್ಡದು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ನೂರು ಕೋಟಿಯಲ್ಲೊಂದು ಭಾಗ ಕಾಣಿಸತೊಡಗಿತ್ತು. ನಿನ್ನೆ ಇಲ್ಲದ್ದು ಇಂದು ಇದೆ, ವಸ್ತು ಹೆಚ್ಚಾದ್ದರಿಂದಲ್ಲ, ಕಣ್ಣು ಚುರುಕಾದ್ದರಿಂದ. 1977ರಲ್ಲಿ ಕೆನಡಾದ ಇಲಿಗಳಿಗೆ ಸ್ಯಾಕರಿನ್‌ನಿಂದ ಮೂತ್ರಕೋಶದ ಗಡ್ಡೆಯಾದಾಗ ಅಮೆರಿಕದ ಆಡಳಿತ ಅದನ್ನು ನಿಷೇಧಿಸಲು ಹೊರಟಿತು. ಆ ಇಲಿಗಳ ಆಹಾರದಲ್ಲಿ ನೂರಕ್ಕೆ ಐದು ಭಾಗ ಸ್ಯಾಕರಿನ್ನೇ ಇತ್ತು. ಬೇರೆ ಸಿಹಿ ಕಾಣದ ಸಕ್ಕರೆ ಕಾಯಿಲೆಯವರು ರೇಗಿದರು. ಸಂಸತ್ತು ನಿಷೇಧವನ್ನು ತಡೆದು, ಪೊಟ್ಟಣದ ಮೇಲೆ ಎಚ್ಚರಿಕೆ ಸಾಲೆಂದಿತು. ಮುಂದೆ ಸಂಶೋಧಕರು ಕಂಡದ್ದು: ಇಲಿಯ ಮೂತ್ರದ ವಿಶೇಷ ಗುಣದಿಂದ ಅಲ್ಲಿ ಹರಳುಗಳಾಗಿ ಕೋಶದ ಒಳಪದರವನ್ನು ಗೀರುತ್ತವೆ, ಮನುಷ್ಯರಲ್ಲಿ ಹಾಗಾಗುವುದಿಲ್ಲ. 2000ದಲ್ಲಿ ಸ್ಯಾಕರಿನ್ ಅಮೆರಿಕದ ಅಧಿಕೃತ ಪಟ್ಟಿಯಿಂದ ಹೊರಬಂತು. ಒಳಗೆ ಹೋಗುವುದಕ್ಕಿಂತ ಹೊರಬರುವುದಕ್ಕೆ ಹೆಚ್ಚು ವಿಜ್ಞಾನ ಬೇಕಾಯಿತು. ಅದು ತಪ್ಪೆಂದು ನನಗನ್ನಿಸುವುದಿಲ್ಲ.

ಎರಡು ಪ್ರಶ್ನೆಗಳು ಕಾನೂನಿನಲ್ಲಿ ಸ್ಪಷ್ಟವಾಗಿ ಬೇರೆಯಾದದ್ದು 1980ರಲ್ಲಿ, ಬೆಂಜೀನ್ ಮೊಕದ್ದಮೆಯಲ್ಲಿ. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ, ಇಷ್ಟಾದರೆ ಪರವಾಗಿಲ್ಲ ಎನ್ನುವ ಮಿತಿ ಗೊತ್ತಿಲ್ಲ, ಆದ್ದರಿಂದ ಕಾರ್ಖಾನೆಯ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 10 ಭಾಗವಿದ್ದದ್ದನ್ನು 1ಕ್ಕೆ ಇಳಿಸಿ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಹೇಳಿತ್ತು. ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. 10 ಭಾಗದಲ್ಲಿ ಗಣನೀಯ ಅಪಾಯವಿದೆ ಎಂದು ಮೊದಲು ತೋರಿಸಿ ಎಂದಿತು. ಕ್ಲೋರಿನ್ ಹಾಕಿದ ನೀರು ಕುಡಿದವರಲ್ಲಿ ನೂರು ಕೋಟಿಗೊಬ್ಬ ಸಾಯುವುದಾದರೆ ಅದು ಗಣನೀಯವಲ್ಲ, ಪೆಟ್ರೋಲಿನ ಆವಿ ಉಸಿರಾಡುವವರಲ್ಲಿ ಸಾವಿರಕ್ಕೊಬ್ಬನಾದರೆ ಗಣನೀಯ ಎಂದು ನ್ಯಾಯಮೂರ್ತಿ ಸ್ಟೀವನ್ಸ್ ಅಳತೆಗೋಲೊಂದನ್ನು ಕೊಟ್ಟರು. ತರ್ಕ ಚೆನ್ನಾಗಿದೆ. ಆದರೆ ಇಲಾಖೆ ಮತ್ತೆ ಲೆಕ್ಕ ಹಾಕಿ 1 ಭಾಗಕ್ಕೆ ಇಳಿಸುವಷ್ಟರಲ್ಲಿ 1987 ಬಂತು. ತರ್ಕ ಸರಿಹೋಗುವವರೆಗಿನ ಏಳು ವರ್ಷ ಗಾಳಿಯನ್ನು ಉಸಿರಾಡಿದವರು ಕಾರ್ಮಿಕರು, ನ್ಯಾಯಮೂರ್ತಿಗಳಲ್ಲ.

ಕ್ಯಾಲಿಫೋರ್ನಿಯಾದವರು 1986ರಲ್ಲಿ ಮತ ಹಾಕಿ ತಂದ ಕಾನೂನಿನದು ಬೇರೆಯದೇ ದಾರಿ: ನಿಷೇಧ ಬೇಡ, ಹೇಳಿ ಮಾರಿ. ಪಟ್ಟಿಯಲ್ಲಿ ಈಗ ಸುಮಾರು 900 ಹೆಸರುಗಳಿವೆ. ಎಚ್ಚರಿಕೆ ಹಾಕದವರ ಮೇಲೆ ಯಾವ ನಾಗರಿಕನೂ ದಾವೆ ಹೂಡಬಹುದು. ಹುರಿದ ಕಾಫಿಯಲ್ಲಿ ಅಕ್ರಿಲಮೈಡ್ ಇದೆ, ಆದ್ದರಿಂದ ಕಾಫಿ ಲೋಟಕ್ಕೂ ಕ್ಯಾನ್ಸರ್ ಎಚ್ಚರಿಕೆ ಬೇಕೆಂದು 2018ರಲ್ಲಿ ಅಲ್ಲಿಯ ನ್ಯಾಯಾಧೀಶರೊಬ್ಬರು ಹೇಳಿದರು. ಮರುವರ್ಷ ಸರ್ಕಾರವೇ ಕಾಫಿಗೆ ವಿನಾಯಿತಿ ಕೊಟ್ಟು ಮಾನ ಉಳಿಸಿಕೊಂಡಿತು. ಎಲ್ಲ ಗೋಡೆಯ ಮೇಲೂ ಎಚ್ಚರಿಕೆ ಬರೆದರೆ ಯಾರೂ ಓದುವುದಿಲ್ಲ. ಯೂರೋಪಿನಲ್ಲಿ ಮುದ್ರೆ ಬಿದ್ದ ಕೂಡಲೇ ಹಲವು ನಿರ್ಬಂಧಗಳು ತಾವಾಗಿ ಹಿಂಬಾಲಿಸುತ್ತವೆ. ಹಾಗಾಗಿ ಜಗಳವೆಲ್ಲ ಮುದ್ರೆಯ ಬಾಗಿಲಲ್ಲೇ. ಗೋಡೆ ಬಣ್ಣದ ಬಿಳುಪಿಗೆ ಹಾಕುವ ಟೈಟಾನಿಯಂ ಡೈಆಕ್ಸೈಡಿನ ಪುಡಿಯನ್ನು ಉಸಿರಾಡಿದರೆ ಕ್ಯಾನ್ಸರಿನ ಶಂಕೆ ಇದೆ ಎಂದು 2020ರಲ್ಲಿ ವರ್ಗೀಕರಿಸಿದ್ದನ್ನು 2022ರಲ್ಲಿ ಅಲ್ಲಿಯ ನ್ಯಾಯಾಲಯ ರದ್ದು ಮಾಡಿತು, 2025ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಇನ್ನು ನಾವು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿಸಿದ ಅನುಸೂಚಿಯಲ್ಲಿ ಕೆಲವು ರಾಸಾಯನಿಕಗಳ ಮುಂದೆ ಶಂಕಿತ ಕ್ಯಾನ್ಸರ್‌ಕಾರಕ ಎಂಬ ಗುರುತು ಬಂತು. ಬ್ರೆಡ್ಡಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲಿ ತೆಗೆದರು. ಅದು ಬಹಳ ಹಿಂದಿನಿಂದಲೂ ಲಿಯಾನ್‌ನ 2ಬಿ ಗುಂಪಿನಲ್ಲಿತ್ತು. ಹೊರಗಿನ ತೀರ್ಪನ್ನು ತರಿಸಿಕೊಂಡು ಬಳಸುವುದು ನಮ್ಮ ಪದ್ಧತಿ. ಮೊದಲ ಪ್ರಶ್ನೆಯ ಮಟ್ಟಿಗೆ ಅದು ತಪ್ಪಲ್ಲ. ಬೆಂಜೀನ್ ಅಮೆರಿಕದಲ್ಲಿ ಹೇಗೋ ಪೀಣ್ಯದಲ್ಲೂ ಹಾಗೆಯೇ. ಎರಡನೆಯ ಪ್ರಶ್ನೆಯ ಉತ್ತರ ಮಾತ್ರ ಆಮದಾಗುವುದಿಲ್ಲ. ಎಷ್ಟು ತಿನ್ನುತ್ತೇವೆ, ಯಾವುದರ ಜೊತೆ, ಎಷ್ಟು ವರ್ಷ ಎಂಬುದು ನಮ್ಮೂರಿನ ಲೆಕ್ಕ. ನಾವೇ ಎಣಿಸಬೇಕು. ನನ್ನ ತಕರಾರಿರುವುದು ಇಲ್ಲಿ.

ಅಡಿಕೆಗೆ ಬಂದೆ. ಸಭೆಯಲ್ಲಿ ಕುರ್ಚಿ ಸರಿಸಿದ ಸದ್ದು ಕೇಳಿಸಿತು.

1985ರಲ್ಲಿ ಲಿಯಾನ್‌ನವರು ಎಲೆಅಡಿಕೆಯನ್ನು ವಿಚಾರಣೆ ಮಾಡಿದಾಗ ಎರಡು ಉತ್ತರ ಕೊಟ್ಟರು. ಹೊಗೆಸೊಪ್ಪು ಸೇರಿದ ಕವಳ ಕ್ಯಾನ್ಸರ್ ತರುತ್ತದೆ. ಹೊಗೆಸೊಪ್ಪು ಇಲ್ಲದ್ದರ ಬಗ್ಗೆ ಪುರಾವೆ ಸಾಲದು. ಆಗ ಭಾರತದ ಅಂಕಿಅಂಶಗಳು ಬೇಕಾದಷ್ಟಿದ್ದವು. ಆದರೆ ನಮ್ಮಲ್ಲಿ ಕವಳ ಹಾಕುವವರಲ್ಲಿ ಬಹಳ ಜನ ಹೊಗೆಸೊಪ್ಪನ್ನೂ ಹಾಕುವವರು. ಕದ್ದವರು ಅಡಿಕೆಯೋ ಹೊಗೆಸೊಪ್ಪೋ ಎಂದು ಬೇರೆ ಮಾಡಲು ಬರಲಿಲ್ಲ. ಗುಂಪಿನಲ್ಲಿ ಬೆರೆತವನ ಕಥೆ. ಅದನ್ನು ಬಿಡಿಸಿದ್ದು ಮುಖ್ಯವಾಗಿ ತೈವಾನ್. ಅಲ್ಲಿಯವರು ಅಡಿಕೆ ಜಗಿಯುತ್ತಾರೆ, ಎಲೆ ಸುಣ್ಣ ಸೇರಿಸುತ್ತಾರೆ, ಹೊಗೆಸೊಪ್ಪು ಸೇರಿಸುವುದಿಲ್ಲ. ಬಾಯಿಯ ಕ್ಯಾನ್ಸರ್ ಅಲ್ಲೂ ಏರಿತ್ತು. 2003ರಲ್ಲಿ ಮತ್ತೆ ಸೇರಿದ ತಂಡ ಹೊಗೆಸೊಪ್ಪಿಲ್ಲದ ಕವಳವನ್ನೂ ಅಡಿಕೆಯನ್ನೂ ಒಂದನೇ ಗುಂಪಿಗೆ ಸೇರಿಸಿತು. ಜಗಿದು ಜಗಿದು ಬಾಯಿಯ ಒಳಪದರ ನಾರುಗಟ್ಟಿ, ಎರಡು ಬೆರಳಗಲ ಬಾಯಿ ತೆರೆಯಲೂ ಆಗದ ಕಾಯಿಲೆ ಅಡಿಕೆಯಿಂದ ಬರುತ್ತದೆ ಎಂಬುದಕ್ಕೂ, ಅದು ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ ಎಂಬುದಕ್ಕೂ ಪುರಾವೆ ಇತ್ತು.

ಅಡಿಕೆಗೆ ಔಷಧ ಗುಣವಿದೆ, ಹಾಳು ಮಾಡಿದ್ದು ಗುಟ್ಕಾ, ನಮ್ಮಜ್ಜ ತೊಂಬತ್ತರವರೆಗೆ ಕವಳ ಹಾಕಿದ ಎಂಬ ಮಾತುಗಳು ನನಗೂ ಗೊತ್ತು. ನಮ್ಮಜ್ಜನೂ ಹಾಕಿದ. ಗುಟ್ಕಾ ದೊಡ್ಡ ಅಪರಾಧಿ ಎಂಬುದು ನಿಜ. ಕರ್ನಾಟಕ 2013ರಲ್ಲಿ ಅದನ್ನು ನಿಷೇಧಿಸಿತು. ಆದರೆ ತೈವಾನಿನ ಸಾಕ್ಷಿಗೆ ಇದು ಉತ್ತರವಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಮಂಡಿಯಲ್ಲಿ ಬೇರೆ ಬೇರೆ ದರ ಇರಬಹುದು, ಆ ಕೊಠಡಿಯಲ್ಲಿ ಎಲ್ಲವೂ ಅಡಿಕೆಯೇ. ಬೆಳೆಗಾರರ ಪರವಾಗಿ ಮಾತಾಡುವವರು ಮೊದಲ ಪ್ರಶ್ನೆಯನ್ನು ಗೆಲ್ಲಲು ಹಟ ಹಿಡಿದು ಎರಡನೆಯದನ್ನು ಕೈಬಿಟ್ಟಿದ್ದಾರೆ. ಊಟದ ಮೇಲೊಂದು ಕವಳ ಹಾಕುವ ಅಜ್ಜಿಗೂ ದಿನಕ್ಕೆ ಇಪ್ಪತ್ತು ಪೊಟ್ಟಣ ಸುರಿದುಕೊಳ್ಳುವ ಲಾರಿ ಕ್ಲೀನರ್ ಹುಡುಗನಿಗೂ ಅಪಾಯ ಒಂದೇ ಅಲ್ಲ ಎಂದು ಹೇಳಬೇಕಾದರೆ ಎಷ್ಟು ವ್ಯತ್ಯಾಸ ಎಂಬ ಲೆಕ್ಕ ಕೈಯಲ್ಲಿರಬೇಕು.

ಸರ್ಕಾರವಾದರೂ ಒಂದೇ ಬಾಯಲ್ಲಿ ಮಾತಾಡುತ್ತದೆಯೇ? ದೇಶದಲ್ಲೇ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಹೊರಗಿನ ಅಡಿಕೆ ಬಂದು ದರ ಬೀಳದಿರಲಿ ಎಂದು ಕೇಂದ್ರ 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಬೆಳೆಗಾರ ಬದುಕಬೇಕು, ಸರಿ. ಅದೇ ಕೇಂದ್ರದ ಆಹಾರ ನಿಯಮ ಅಡಿಕೆ ಪೊಟ್ಟಣದ ಮೇಲೆ ಆರೋಗ್ಯಕ್ಕೆ ಹಾನಿಕರ ಎಂದು ಬರೆಸುತ್ತದೆ. ಕ್ಯಾನ್ಸರ್ ಎಂಬ ಪದ ಆ ವಾಕ್ಯದಲ್ಲಿಲ್ಲ.

ಎಣಿಸುವುದು ನಮಗೆ ಬಾರದ ವಿದ್ಯೆಯೇನಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ದೇಶದ ಮೊದಲ ಮೂರು ರಾಷ್ಟ್ರೀಯ ನೋಂದಣಿಗಳಲ್ಲಿ ಅದೊಂದು. ರೋಗಿಯನ್ನು ಎಣಿಸಿದರೆ ಅರ್ಧ ಕೆಲಸವಾಯಿತು. ಉಳಿದರ್ಧ, ಅವರ ಬಾಯಿಯೊಳಗೆ ಏನು ಹೋಗಿತ್ತು ಎಂದು ಕೇಳಿ ಬರೆಯುವುದು.

ಹೋದ ವರ್ಷ ನನ್ನ ಸೋದರತ್ತೆಯ ಕೆನ್ನೆಯ ಒಳಗೆ ಬಿಳಿ ಕಲೆ ಕಂಡು ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಎಂಬತ್ತೊಂದು ವರ್ಷ, ಕಿವಿ ಚುರುಕು, ನಾಲಗೆ ಇನ್ನೂ ಚುರುಕು. ನೋಂದಣಿಯ ಕಿಟಕಿಯಲ್ಲಿದ್ದ ಹುಡುಗ ಹಾಳೆ ನೋಡಿಕೊಂಡೇ ಕೇಳಿದ, "ಎಲೆಅಡಿಕೆ ಹಾಕ್ತೀರಾ ಅಜ್ಜಿ?"

"ಹಾಕ್ತೆ ಮಗಾ. ಊಟ ಆದ ಮೇಲೆ ಒಂದು."

ಅವನು ಗುರುತು ಹಾಕಿದ. ಅತ್ತೆ ಬಿಡಲಿಲ್ಲ. "ಹೊಗೆಸೊಪ್ಪು ಹುಟ್ಟಿದಾಗಿಂದ ಮುಟ್ಟಿದವಳಲ್ಲ. ಅದನ್ನೂ ಬರಕೋ."

ಹುಡುಗ ಒಳ್ಳೆಯವನು, ಹಾಳೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದ. ತಂಬಾಕು, ಎಲೆಅಡಿಕೆ ಎಂದು ಒಂದೇ ಸಾಲು, ಅದರ ಮುಂದೆ ಹೌದು ಎಂದೊಂದು ಚೌಕ, ಇಲ್ಲ ಎಂದೊಂದು ಚೌಕ.

"ಬೇರೆ ಬರೆಯೋಕೆ ಜಾಗ ಇಲ್ಲ ಅಜ್ಜಿ," ಎಂದ.